ಉತ್ತು ಬಿತ್ತುವುದೋ, ಉಳದೆ ಬಿತ್ತುವುದೋ: ಗೋಧಿ ಬೆಳೆಗಾರನ ಮುಂದಿರುವ ಐದು ದಾರಿ

ಪಂಜಾಬ್, ಹರಿಯಾಣದ ಕಡೆ ಭತ್ತದ ಕಟಾವು ಮುಗಿಯುವ ಹೊತ್ತಿಗೆ ಅಕ್ಟೋಬರ್ ಕೊನೆಯಾಗಿರುತ್ತದೆ. ಅದೇ ಹೊಲಕ್ಕೆ ನವೆಂಬರ್ ಮಧ್ಯದೊಳಗೆ ಗೋಧಿ ಬೀಳಬೇಕು. ನಡುವೆ ಸಿಗುವುದು ಎರಡು ವಾರ, ಹೆಚ್ಚೆಂದರೆ ಮೂರು. ಅಷ್ಟರಲ್ಲಿ ಹುಲ್ಲು ತೆಗೆಯಬೇಕು, ನೀರು ಹಾಯಿಸಿ ಹದ ಬರುವವರೆಗೆ ಕಾಯಬೇಕು, ಎರಡು ಸಲ ಹ್ಯಾರೋ, ಎರಡು ಸಲ ಕಲ್ಟಿವೇಟರ್ ಹೊಡೆಯಬೇಕು, ಹಲಗೆ ಎಳೆದು ಹೆಂಟೆ ಒಡೆಯಬೇಕು. ಆಮೇಲೆ ಬಿತ್ತನೆ. ಮಧ್ಯೆ ಒಂದು ಮಳೆ ಬಿತ್ತೋ, ಬಾಡಿಗೆ ಟ್ರ್ಯಾಕ್ಟರಿನವನು ನಾಲ್ಕು ದಿನ ಕೈಕೊಟ್ಟನೋ, ಬಿತ್ತನೆ ಡಿಸೆಂಬರಿಗೆ ಜಾರಿತು ಎಂದೇ ಲೆಕ್ಕ.

ಜಾರಿದರೆ ನಷ್ಟವೆಷ್ಟು? ನವೆಂಬರ್ ಮಧ್ಯ ದಾಟಿದ ಮೇಲೆ ತಡವಾದ ಒಂದೊಂದು ದಿನಕ್ಕೂ ಇಳುವರಿಯಲ್ಲಿ ಶೇಕಡಾ 1ರಿಂದ 1.5ರಷ್ಟು ಕೈಬಿಡುತ್ತದೆ ಎಂಬುದು ಉತ್ತರ ಭಾರತದ ಗೋಧಿ ಸಂಶೋಧಕರು ಒಪ್ಪಿಕೊಂಡು ಬಂದ ಅಂದಾಜು. ಹತ್ತು ದಿನ ತಡವಾದರೆ ಹತ್ತರಲ್ಲೊಂದು ಚೀಲ ಹೋಯಿತು. ತಡವಾಗಿ ಬಿತ್ತಿದ ಗೋಧಿ ಇನ್ನೂ ಹಾಲುಗಾಳಿನಲ್ಲಿರುವಾಗಲೇ ಮಾರ್ಚಿನ ಬಿಸಿಲು ಏರುತ್ತದೆ, ಕಾಳು ತುಂಬುವ ಮೊದಲೇ ಗಿಡ ಹಣ್ಣಾಗಿಬಿಡುತ್ತದೆ. 2022ರ ಮಾರ್ಚ್, 1901ರಿಂದ ದಾಖಲೆ ಇಟ್ಟ ಕಾಲದಲ್ಲೇ ದೇಶ ಕಂಡ ಅತಿ ಬಿಸಿಯ ಮಾರ್ಚ್. ಆ ವರ್ಷ ಕಾಳು ಮುರುಟಿ, ಇಳುವರಿ ಇಳಿದು, ಮೇ 13ರಂದು ಕೇಂದ್ರ ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸಿತು.

ಆದ್ದರಿಂದ ಶೂನ್ಯ ಉಳುಮೆಯ, ಅಂದರೆ ಉಳದೆಯೇ ಬಿತ್ತುವ ಪದ್ಧತಿಯ, ಲಾಭವನ್ನು ಡೀಸೆಲ್ ಬಿಲ್ಲಿನಿಂದ ಲೆಕ್ಕ ಹಾಕಲು ಶುರು ಮಾಡಿದವರು ಸಣ್ಣ ಗಂಟನ್ನು ನೋಡಿ ದೊಡ್ಡದನ್ನು ಬಿಟ್ಟಂತೆ. ಡೀಸೆಲ್ ಉಳಿಯುವುದು ನಿಜ. ದೊಡ್ಡ ಲಾಭ ಇರುವುದು ತಾರೀಖಿನಲ್ಲಿ. ಕೆಳಗಿನ ಐದು ದಾರಿಗಳನ್ನು ಎರಡು ಪ್ರಶ್ನೆ ಇಟ್ಟುಕೊಂಡು ನೋಡಿದರೆ ಆಯ್ಕೆ ಸುಲಭ: ಹೊಲದಲ್ಲಿ ಹುಲ್ಲು ಎಷ್ಟಿದೆ, ಕೈಯಲ್ಲಿ ದಿನ ಎಷ್ಟಿದೆ.

ಉತ್ತು ಬಿತ್ತುವ ಹಳೆಯ ದಾರಿ

ಉಳುಮೆಯನ್ನು ಹೀಗಳೆಯುವುದು ಈಗ ಒಂದು ಫ್ಯಾಷನ್. ರೈತ ಸುಮ್ಮನೆ ಉತ್ತವನಲ್ಲ. ಭತ್ತಕ್ಕೆಂದು ಕೆಸರು ತುಳಿಸಿದ ಗದ್ದೆ ಒಣಗಿದಾಗ ಮೇಲ್ಮಣ್ಣು ಬಿಗಿದುಕೊಳ್ಳುತ್ತದೆ, ಕೆಳಗೆ ಗಟ್ಟಿ ಪದರ ನಿಂತಿರುತ್ತದೆ. ಅದನ್ನು ಸಡಿಲಿಸದೆ ಬೇರು ಇಳಿಯುವುದಾದರೂ ಹೇಗೆ ಎಂಬ ಅನುಮಾನ ನ್ಯಾಯವಾದದ್ದೇ. ಕಳೆ ಸಾಯಿಸಲು, ಗೊಬ್ಬರ ಬೆರೆಸಲು, ಕಟಾವು ಮಾಡುವ ಕಂಬೈನ್ ಯಂತ್ರದ ಚಕ್ರ ಕೊರೆದ ಗುಂಡಿ ಮುಚ್ಚಲು ಉಳುಮೆಯೇ ಬೇಕಿತ್ತು.

ತೊಡಕು ಎಂದರೆ, ಕೆಸರುಗದ್ದೆ ಒಣಗಿದ ಮಣ್ಣನ್ನು ಉತ್ತರೆ ಹುಡಿಯಾಗುವುದಿಲ್ಲ, ಹೆಂಟೆಯಾಗಿ ಏಳುತ್ತದೆ. ಹೆಂಟೆ ಒಡೆಯಲು ಮತ್ತೆರಡು ಸುತ್ತು. ಅದರ ಬದಲು ರೋಟಾವೇಟರ್ ಹೊಡೆದರೆ ಮಣ್ಣು ಹಿಟ್ಟಿನಂತೆ ನಯವಾಗಿ ಕಣ್ಣಿಗೆ ಹಿತವಾಗಿ ಕಾಣುತ್ತದೆ. ಆದರೆ ವರ್ಷವರ್ಷವೂ ಅದನ್ನೇ ಹೊಡೆದರೆ ಅದರ ಬ್ಲೇಡು ತಲುಪುವ ಆಳದ ಕೆಳಗೆ ಮಣ್ಣು ಇನ್ನಷ್ಟು ಬಿಗಿಯುತ್ತದೆ, ಒಂದು ಮಳೆ ಬಿದ್ದರೆ ಮೇಲೆ ಹೆಪ್ಪು ಕಟ್ಟುತ್ತದೆ.

ಹೊಲ ಮಟ್ಟವಿಲ್ಲದಿದ್ದರೆ, ಗರಿಕೆಯಂಥ ಬಹುವಾರ್ಷಿಕ ಕಳೆ ಬೇರೂರಿದ್ದರೆ, ಆ ವರ್ಷದ ಮಟ್ಟಿಗೆ ಉಳುಮೆಯೇ ಸರಿ. ಗದ್ದೆ ಮಟ್ಟ ಮಾಡಿಸಿದ ಮೇಲೆ ಉಳದ ಬಿತ್ತನೆಗೆ ಹೋಗಬಹುದು. ಅಂಕುಡೊಂಕು ಹೊಲದಲ್ಲಿ ಡ್ರಿಲ್ (ಬಿತ್ತನೆ ಯಂತ್ರ) ಒಂದು ಕಡೆ ಬೀಜವನ್ನು ಆಳಕ್ಕೆ ತಳ್ಳುತ್ತದೆ, ಇನ್ನೊಂದು ಕಡೆ ಮೇಲೆಯೇ ಉದುರಿಸುತ್ತದೆ.

ಬರೀ ಜೀರೋ ಡ್ರಿಲ್

ಇದು ಸಾಮಾನ್ಯ ಬಿತ್ತನೆ ಯಂತ್ರದಂತೆಯೇ ಕಾಣುತ್ತದೆ. ವ್ಯತ್ಯಾಸ ಇರುವುದು ತಾಳಿನಲ್ಲಿ, ಅಂದರೆ ನೆಲ ಸೀಳುವ ಹಲ್ಲಿನಲ್ಲಿ. ತಲೆಕೆಳಗಾದ ಇಂಗ್ಲಿಷ್ ‘ಟಿ’ ಅಕ್ಷರದ ಆಕಾರದ ಉಕ್ಕಿನ ತುದಿ ನೆಲವನ್ನು ಸಣ್ಣಗೆ ಸೀಳುತ್ತದೆ. ಸೀಳು ಮೇಲೆ ಕಿರಿದು, ಒಳಗೆ ಅಗಲ. ಬೀಜ, ಗೊಬ್ಬರ ಅಲ್ಲಿ ಬೀಳುತ್ತವೆ, ಮಣ್ಣಿನ ಪಸೆ ಆರುವುದಿಲ್ಲ. ಈ ವಿನ್ಯಾಸ ಬಂದದ್ದು ನ್ಯೂಜಿಲೆಂಡಿನಿಂದ. ಅದನ್ನು ನಮ್ಮ ಟ್ರ್ಯಾಕ್ಟರಿಗೆ, ನಮ್ಮ ಕಮ್ಮಾರಸಾಲೆಗೆ ಒಗ್ಗಿಸಿ 1990ರ ದಶಕದ ಆರಂಭದಲ್ಲಿ ದೇಶಿ ಡ್ರಿಲ್ ಮಾಡಿದ್ದು ಪಂತನಗರದ ಕೃಷಿ ವಿಶ್ವವಿದ್ಯಾಲಯ.

ಯಂತ್ರ ಬಂದ ಮಾತ್ರಕ್ಕೆ ಯಾರೂ ಉಳುಮೆ ಬಿಡಲಿಲ್ಲ. ಬಿಡಿಸಿದ್ದು ಒಂದು ಕಳೆ. ಹರಿಯಾಣ, ಪಂಜಾಬಿನ ರೈತರು ಗುಲ್ಲಿ ದಂಡಾ, ಮಂಡೂಸಿ ಎಂದೆಲ್ಲ ಕರೆಯುವ ಈ ಹುಲ್ಲು ಎಳೆಯದಾಗಿರುವಾಗ ಥೇಟು ಗೋಧಿಯಂತೆಯೇ. ಗುರುತು ಹಿಡಿಯಬೇಕಾದರೆ ಬಗ್ಗಿ ಬುಡ ನೋಡಬೇಕು: ಗೋಧಿಯ ಬುಡ ಹಸಿರು ಅಥವಾ ಬಿಳಿ, ಇದರದ್ದು ಕೆಂಪು ಬೆರೆತ ನಸುಗುಲಾಬಿ. ಒಂದೇ ಕಳೆನಾಶಕ, ಐಸೊಪ್ರೊಟುರಾನ್, ವರ್ಷಗಟ್ಟಲೆ ಸುರಿದದ್ದರಿಂದ 1990ರ ದಶಕದ ನಡುಭಾಗಕ್ಕೆ ಹರಿಯಾಣದಲ್ಲಿ ಈ ಹುಲ್ಲು ಆ ಔಷಧಿಗೆ ಸಾಯುವುದನ್ನೇ ಬಿಟ್ಟಿತು. ಕೆಲವು ಕಡೆ ರೈತರು ಗೋಧಿಯನ್ನು ಹಸಿರಾಗಿಯೇ ಕೊಯ್ದು ದನಕ್ಕೆ ಹಾಕುವಷ್ಟು ಹದಗೆಟ್ಟಿತು.

ಹಿಸಾರಿನ ಕೃಷಿ ವಿಶ್ವವಿದ್ಯಾಲಯದವರು ರೈತರ ಹೊಲದಲ್ಲೇ ಉಳದೆ ಬಿತ್ತಿ ತೋರಿಸಿದಾಗ ಒಂದು ವಿಷಯ ಸ್ಪಷ್ಟವಾಯಿತು. ಉಳುಮೆ ಆಳದಲ್ಲಿದ್ದ ಕಳೆಬೀಜವನ್ನು ಮೇಲಕ್ಕೆ ತಂದು ತಾನೇ ಬಿತ್ತನೆ ಮಾಡಿಕೊಡುತ್ತಿತ್ತು. ಮಣ್ಣು ಕದಲಿಸದಿದ್ದರೆ ಬಹಳಷ್ಟು ಬೀಜ ಒಳಗೇ ಉಳಿಯುತ್ತದೆ. ಜೊತೆಗೆ ಗೋಧಿ ಹತ್ತು ದಿನ ಮೊದಲೇ ಬೀಳುವುದರಿಂದ, ಚಳಿಗೆ ಮೊಳೆಯುವ ಈ ಕಳೆ ಏಳುವ ಹೊತ್ತಿಗೆ ಬೆಳೆ ನೆಲ ಮುಚ್ಚಿರುತ್ತದೆ. ಕಳೆ ನಿರ್ಮೂಲವಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕಡಿಮೆಯಾಗುತ್ತದೆ, ಅಷ್ಟೇ. ಬಿತ್ತುವ ಮುಂಚೆಯೇ ಎದ್ದು ನಿಂತಿರುವ ಕಳೆಯನ್ನಂತೂ ಮೊದಲು ಸಾಯಿಸಲೇಬೇಕು.

ಖರ್ಚಿನ ಕಡೆ ನೋಡಿದರೆ, ನಾಲ್ಕಾರು ಸುತ್ತಿನ ಬದಲು ಒಂದೇ ಸುತ್ತು. ಎಕರೆಗೆ ಸುಮಾರು 15ರಿಂದ 25 ಲೀಟರ್ ಡೀಸೆಲ್ ಉಳಿಯುತ್ತದೆ. 35 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರ್ ಸಾಕು. ಭತ್ತದ ಹೊಲದಲ್ಲಿ ಉಳಿದ ತೇವದಲ್ಲೇ ಬಿತ್ತಬಹುದಾದರೆ ಬಿತ್ತನೆಗೆ ಮುಂಚಿನ ಒಂದು ನೀರೂ ಉಳಿಯಿತು. ಮೂರು ವಾರಕ್ಕೆ ಕೊಡುವ ಮೊದಲ ನೀರು ಗಟ್ಟಿ ನೆಲದ ಮೇಲೆ ಬೇಗ ಓಡುತ್ತದೆ, ಪಂಪು ಕಡಿಮೆ ಹೊತ್ತು ಓಡಿದರೆ ಸಾಕು.

ಇದರ ದೌರ್ಬಲ್ಯ ಒಂದೇ, ಆದರೆ ದೊಡ್ಡದು. ಕಂಬೈನ್ ಉದುರಿಸಿ ಹೋದ ಬಿಡಿ ಹುಲ್ಲು ತಾಳುಗಳಿಗೆ ಸಿಕ್ಕಿ, ಕುಂಟೆ ಕಸ ಎಳೆದಂತೆ ರಾಶಿ ರಾಶಿಯಾಗಿ ಮುಂದೆ ಸರಿಯುತ್ತದೆ. ನಿಂತ ಕೂಳೆಯಿಂದ ತೊಂದರೆಯಿಲ್ಲ, ಬಿಡಿ ಹುಲ್ಲಿನಿಂದಲೇ ತೊಂದರೆ. ಹೀಗಾಗಿ ಜೀರೋ ಡ್ರಿಲ್ ಇಟ್ಟುಕೊಂಡವರೇ ಮೊದಲು ಹುಲ್ಲಿಗೆ ಕಡ್ಡಿ ಗೀರಿ ಆಮೇಲೆ ಬಿತ್ತಿದ ಉದಾಹರಣೆ ಬೇಕಾದಷ್ಟಿದೆ. ಮಣ್ಣು ಉಳಿಸುವ ಪದ್ಧತಿಯೇ ಬೆಂಕಿಗೆ ದಾರಿ ಮಾಡಿಕೊಟ್ಟಿತು. ಕೈಯಲ್ಲಿ ಕೊಯ್ದು ಹುಲ್ಲು ಮನೆಗೆ ಒಯ್ಯುವ ಬಿಹಾರದಂಥ ಕಡೆ ಈ ಸಮಸ್ಯೆಯೇ ಇಲ್ಲ.

ಬಿಹಾರದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅಲ್ಲಿನ ಸಣ್ಣ ಹಿಡುವಳಿದಾರರ ಹೊಲಗಳಲ್ಲಿ ನಡೆಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉಳದೆ ಬಿತ್ತಿದವರಿಗೆ ಹೆಕ್ಟೇರಿಗೆ ಸುಮಾರು 5 ಕ್ವಿಂಟಲ್, ಅಂದರೆ ಶೇಕಡಾ 19ರಷ್ಟು, ಹೆಚ್ಚು ಇಳುವರಿ ಬಂದಿತ್ತು. ಹರಿಯಾಣ, ಪಂಜಾಬಿನಲ್ಲಿ ಹೆಚ್ಚಳ ಅಷ್ಟಿಲ್ಲ, ಸಾಮಾನ್ಯವಾಗಿ ಶೇಕಡಾ 5ರಿಂದ 7. ಬಿಹಾರದಲ್ಲಿ ಗೋಧಿ ಮೊದಲಿನಿಂದಲೂ ಬಹಳ ತಡವಾಗಿ ಬೀಳುತ್ತಿತ್ತು, ದಿನ ಉಳಿಸಿದಾಗ ಸಿಕ್ಕಿದ್ದೂ ಹೆಚ್ಚು. ಡ್ರಿಲ್ ಕೊಳ್ಳುವ ಶಕ್ತಿ ಅಲ್ಲಿ ಎಲ್ಲರಿಗೂ ಇಲ್ಲ. ಊರಿಗೊಬ್ಬ ಯಂತ್ರ ಇಟ್ಟು ಬಾಡಿಗೆಗೆ ಬಿತ್ತಿಕೊಡುವ ಪದ್ಧತಿ ಬೆಳೆದದ್ದರಿಂದಲೇ ಅದು ಸಣ್ಣವರಿಗೂ ತಲುಪಿತು.

ಹ್ಯಾಪಿ ಸೀಡರ್

ಪಂಜಾಬಿನಲ್ಲಿ ಒಂದು ಎಕರೆ ಭತ್ತದಿಂದ ಎರಡೂವರೆ ಟನ್ ಆಸುಪಾಸಿನ ಹುಲ್ಲು ಹೊಲದಲ್ಲಿ ಉಳಿಯುತ್ತದೆ. ಅಂತರ್ಜಲ ಉಳಿಸಲೆಂದು ತಂದ 2009ರ ಕಾಯ್ದೆ ಭತ್ತದ ನಾಟಿಯನ್ನು ಮೇ ತಿಂಗಳಿಂದ ಜೂನಿಗೆ ತಳ್ಳಿತು. ನಾಟಿ ತಡ, ಕಟಾವು ತಡ, ಗೋಧಿಗೆ ಉಳಿದ ದಿನ ಇನ್ನೂ ಕಡಿಮೆ. ಅಕ್ಟೋಬರ್–ನವೆಂಬರಿನಲ್ಲಿ ದಿಲ್ಲಿಯವರೆಗೂ ಹಬ್ಬುವ ಹೊಗೆಯ ಹಿಂದೆ ಈ ಲೆಕ್ಕವೂ ಇದೆ.

ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ 2000ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳೊಂದಿಗೆ ಸೇರಿ ಮಾಡಿದ ಯಂತ್ರ ಇದು. ತಾಳುಗಳ ಮುಂದೆ ಗರಗರ ತಿರುಗುವ ಬ್ಲೇಡುಗಳು ಹುಲ್ಲನ್ನು ಕತ್ತರಿಸಿ ಪಕ್ಕಕ್ಕೆ ಸರಿಸುತ್ತವೆ, ತಾಳು ಸೀಳಿನಲ್ಲಿ ಬೀಜ ಇಳಿಸುತ್ತದೆ, ಹುಲ್ಲು ಸಾಲುಗಳ ನಡುವೆ ಹೊದಿಕೆಯಾಗಿ ಬೀಳುತ್ತದೆ. ನೆಲ ಕದಲುವುದಿಲ್ಲ, ಬೆಂಕಿ ಬೇಕಿಲ್ಲ.

ಆ ಹೊದಿಕೆಯ ಬೆಲೆ ಎಷ್ಟು? ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 5.5 ಕಿಲೋ ಸಾರಜನಕ, 25 ಕಿಲೋ ಪೊಟ್ಯಾಷ್ ಇರುತ್ತದೆ. ಸುಟ್ಟರೆ ಸಾರಜನಕ ಬಹುತೇಕ ಪೂರ್ತಿ ಗಾಳಿಗೆ. ಹೊಲದಲ್ಲೇ ಬಿಟ್ಟರೆ ಎಕರೆಗೆ 60 ಕಿಲೋ ಪೊಟ್ಯಾಷ್ ಮಣ್ಣಲ್ಲೇ ಉಳಿಯಿತು. ತೇವ ಆರುವುದು ನಿಧಾನ, ಕಳೆ ಏಳುವುದು ಕಡಿಮೆ, ಮಾರ್ಚಿನ ಬಿಸಿಲಿಗೆ ನೆಲ ಕಾಯುವುದೂ ಕಡಿಮೆ. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಹೋಲಿಕೆಯ ಪ್ರಕಾರ, ಹುಲ್ಲು ಸುಡುವ ಪದ್ಧತಿಗಳಿಗಿಂತ ಹ್ಯಾಪಿ ಸೀಡರ್ ದಾರಿಯಲ್ಲಿ ಲಾಭ ಶೇಕಡಾ 10ರಿಂದ 20ರಷ್ಟು ಹೆಚ್ಚು.

ಹಾಗಿದ್ದರೆ ಎಲ್ಲರೂ ಯಾಕೆ ಒಪ್ಪಿಕೊಳ್ಳಲಿಲ್ಲ? ಒಂದು ಕಾರಣ ಕಣ್ಣಿನದು. ಬಿತ್ತಿದ ಮೇಲೆ ಎರಡು ಮೂರು ವಾರ ಹೊಲ ಹೊಲದಂತೆ ಕಾಣುವುದೇ ಇಲ್ಲ. ಎಲ್ಲೆಲ್ಲೂ ಒಣಹುಲ್ಲು, ನಡುವೆ ಹುಡುಕಿದರೆ ಸಿಗುವ ಮೊಳಕೆ. ಪಕ್ಕದವನ ಉತ್ತ ಹೊಲ ಹಸಿರಾಗಿ ಗೆರೆ ಎಳೆದಂತಿರುವಾಗ ಇದನ್ನು ನೋಡಿಕೊಂಡು ಸುಮ್ಮನಿರಲು ಗಟ್ಟಿ ಗುಂಡಿಗೆ ಬೇಕು. ಮತ್ತೊಂದು ಕಾರಣ ಯಂತ್ರದ್ದು. 45–50 ಅಶ್ವಶಕ್ತಿಯ ಟ್ರ್ಯಾಕ್ಟರ್ ಬೇಕು, ದಿನಕ್ಕೆ ಆರೇಳು ಎಕರೆಗಿಂತ ಹೆಚ್ಚು ಓಡುವುದಿಲ್ಲ, ವರ್ಷದಲ್ಲಿ ಕೆಲಸ ಇರುವುದು ಮೂರು ವಾರ, ಉಳಿದ ಕಾಲ ಶೆಡ್ಡಿನಲ್ಲಿ. ಬೆಳಗಿನ ಇಬ್ಬನಿಗೆ ಹುಲ್ಲು ನೆನೆದಿದ್ದರೆ ಬ್ಲೇಡಿಗೆ ಸುತ್ತಿಕೊಂಡು ನಿಂತುಬಿಡುತ್ತದೆ, ಬಿಸಿಲೇರಿ ಹುಲ್ಲು ಆರಿದ ಮೇಲೆಯೇ ಇಳಿಸಬೇಕು. ಕಂಬೈನಿನ ಹಿಂದೆ ಹುಲ್ಲು ಕತ್ತರಿಸಿ ಹರಡುವ ಸೂಪರ್ ಎಸ್‌ಎಂಎಸ್ ಜೋಡಿಸಿರದಿದ್ದರೆ ಕೆಲಸ ಹಾಳು. ಹುಲ್ಲು ದಪ್ಪಗೆ ಬಿದ್ದ ಕಡೆ ಮೊಳಕೆ ಬರುವುದಿಲ್ಲ. ಕೊಯ್ಲಿನವನಿಗೆ ಕಟಾವಿಗೆ ಮುಂಚೆಯೇ ಇದನ್ನು ಹೇಳಿಟ್ಟುಕೊಳ್ಳಬೇಕು.

ಉಪಚಾರದಲ್ಲೂ ಬದಲಾವಣೆ ಬೇಕು. ಬೀಜ ಎಕರೆಗೆ 40 ಕಿಲೋ ಬದಲು 45. ಆಳ ಎರಡು ಇಂಚಿನ ಒಳಗೆ. ಯೂರಿಯಾವನ್ನು ಒಣ ಹುಲ್ಲಿನ ಮೇಲೆ ಎರಚಿ ಬಿಡಬಾರದು, ನೀರು ಬಿಡುವ ಹಿಂದಿನ ಗಳಿಗೆಯಲ್ಲಿ ಎರಚಿದರೆ ನೀರಿನೊಂದಿಗೆ ಇಳಿಯುತ್ತದೆ. ಮೊದಲ ನೀರು ತೆಳುವಾಗಿರಲಿ. ಹೊದಿಕೆ ಇರುವ ಜಿಗುಟು ಮಣ್ಣಿನಲ್ಲಿ ನೀರು ನಿಂತರೆ ಪೈರು ಹಳದಿಗೆ ತಿರುಗುತ್ತದೆ. ಇಲಿಯ ಕಾಟ ಹೆಚ್ಚು. ಭತ್ತದಿಂದ ದಾಟಿ ಬರುವ ಗುಲಾಬಿ ಕಾಂಡಕೊರಕ ಈಚಿನ ವರ್ಷಗಳಲ್ಲಿ ಪಂಜಾಬಿನ ಗೋಧಿಯ ಸುಳಿ ಒಣಗಿಸಿದ್ದೂ ಇದೆ. ಅದಕ್ಕೆ ಅಲ್ಲಿನ ತಜ್ಞರು ಹೇಳುವ ಒಂದು ಉಪಾಯ ನನಗೆ ಬಹಳ ಹಿಡಿಸಿತು: ನೀರನ್ನು ರಾತ್ರಿ ಬಿಡದೆ ಹಗಲು ಬಿಡಿ, ಹೊರಗೆ ಬಂದ ಹುಳುವನ್ನು ಹಕ್ಕಿಗಳು ಆರಿಸಿಕೊಳ್ಳುತ್ತವೆ.

ಸೂಪರ್ ಸೀಡರ್

ಹೆಸರು ಕೇಳಿ ಇದು ಹ್ಯಾಪಿ ಸೀಡರಿನ ಮುಂದಿನ ಮೆಟ್ಟಿಲು ಎಂದುಕೊಳ್ಳುವವರು ಬಹಳ. ಇದು ಹುಲ್ಲನ್ನು ರೋಟಾವೇಟರಿನಿಂದ ಮಣ್ಣಿಗೆ ಬೆರೆಸಿ, ಹಿಂದೆಯೇ ಬಿತ್ತುವ ಯಂತ್ರ. ಅಂದರೆ ಉಳುಮೆಯೇ, ಒಂದೇ ಸುತ್ತಿನಲ್ಲಿ. ಹೊಲ ನೀಟಾಗಿ ಕಾಣುತ್ತದೆ, ಅದೇ ಇದರ ಜನಪ್ರಿಯತೆಯ ಗುಟ್ಟು. ಬೆಂಕಿ ತಪ್ಪುತ್ತದೆ ಎಂಬುದು ದೊಡ್ಡ ವಿಷಯವೇ. ಆದರೆ 55–60 ಅಶ್ವಶಕ್ತಿಗೆ ಮೇಲಿನ ಟ್ರ್ಯಾಕ್ಟರ್ ಬೇಕು, ಡೀಸೆಲ್ ಹೆಚ್ಚು, ಓಟ ನಿಧಾನ. ಮೇಲ್ಹೊದಿಕೆ ಇರುವುದಿಲ್ಲ. ಹಸಿ ಹುಲ್ಲು ಮಣ್ಣಲ್ಲಿ ಕೊಳೆಯುವಾಗ ಸೂಕ್ಷ್ಮಜೀವಿಗಳು ಸಾರಜನಕವನ್ನು ತಾವೇ ಹಿಡಿದಿಟ್ಟುಕೊಳ್ಳುವುದರಿಂದ ಎಳೆ ಪೈರು ಬಿಳಿಚಿಕೊಳ್ಳುವುದುಂಟು. ಶೂನ್ಯ ಉಳುಮೆಯ ಲಾಭ ಬೇಕೆಂದು ಇದನ್ನು ಕೊಂಡರೆ ತಪ್ಪು ಅಂಗಡಿಗೆ ಹೋದಂತೆಯೇ.

ಚೆಲ್ಲಿ ಮುಚ್ಚುವುದು

ದೊಡ್ಡ ಟ್ರ್ಯಾಕ್ಟರ್ ಇಲ್ಲದವರಿಗೆ ಲೂಧಿಯಾನದವರು ಈಚೆಗೆ ತೋರಿಸುತ್ತಿರುವ ಅಗ್ಗದ ದಾರಿ. ಭತ್ತ ಕೊಯ್ದ ಹೊಲದ ಮೇಲೆ ಗೋಧಿ ಬೀಜ ಮತ್ತು ಡಿಎಪಿ ಗೊಬ್ಬರ ಸಮನಾಗಿ ಚೆಲ್ಲಿ, ನಿಂತ ಕೂಳೆಯನ್ನು ಕಟರ್ ಯಂತ್ರದಿಂದ ಕತ್ತರಿಸಿ ಮೇಲೆ ಹರಡಿ, ತೆಳುವಾಗಿ ನೀರು ಬಿಡುವುದು. ಕತ್ತರಿಸಿದ ಹುಲ್ಲೇ ಮಣ್ಣಿನ ಕೆಲಸ ಮಾಡುತ್ತದೆ. ಬೀಜ ಸಮನಾಗಿ ಬೀಳದಿದ್ದರೆ, ನೀರು ಹೆಚ್ಚಾದರೆ ಬೆಳೆ ತೇಪೆ ತೇಪೆಯಾಗಿ ಏಳುತ್ತದೆ. ಬಿಹಾರ, ಪೂರ್ವ ಉತ್ತರ ಪ್ರದೇಶದ ತಗ್ಗಿನಲ್ಲಿ, ಟ್ರ್ಯಾಕ್ಟರ್ ಇಳಿಯದಷ್ಟು ಹಸಿಯಾದ ಗದ್ದೆಗೆ, ಕಟರ್ ಇಲ್ಲದೆ ಬರೀ ಬೀಜ ಚೆಲ್ಲುವ ಕ್ರಮವೂ ಹೊಂದುತ್ತದೆ.

ಹಾಗಾದರೆ ಯಾರಿಗೆ ಯಾವುದು

ಹುಲ್ಲನ್ನು ದನಕ್ಕೋ ಮಾರಾಟಕ್ಕೋ ಒಯ್ಯುವವರಿಗೆ ಜೀರೋ ಡ್ರಿಲ್ ಸಾಕು, ಅದಕ್ಕಿಂತ ದುಬಾರಿ ಯಂತ್ರದ ಹಿಂದೆ ಹೋಗಬೇಕಿಲ್ಲ. ಕಂಬೈನ್ ಕೊಯ್ದು ಹುಲ್ಲು ಹೊಲದಲ್ಲೇ ಬಿದ್ದಿದ್ದರೆ ಹ್ಯಾಪಿ ಸೀಡರ್. ಕೊಳ್ಳಬೇಡಿ, ಬಾಡಿಗೆಗೆ ಹಿಡಿಯಿರಿ, ಇಲ್ಲವೇ ಗುಂಪು ಕಟ್ಟಿ ಕೊಳ್ಳಿ. 2018ರಲ್ಲಿ ಶುರುವಾದ ಕೇಂದ್ರದ ಹುಲ್ಲು ನಿರ್ವಹಣೆ ಯೋಜನೆಯಲ್ಲಿ ಒಬ್ಬೊಬ್ಬ ರೈತನಿಗೆ ಶೇಕಡಾ 50, ಬಾಡಿಗೆ ಕೇಂದ್ರಗಳಿಗೆ ಶೇಕಡಾ 80 ಸಹಾಯಧನ ಇಟ್ಟದ್ದೂ ಇದೇ ಕಾರಣಕ್ಕೆ. ಕೂಳೆಯ ಎತ್ತರ ಹೆಚ್ಚಿದ್ದು ಕೈಯಲ್ಲಿ ಸಣ್ಣ ಟ್ರ್ಯಾಕ್ಟರ್ ಇದ್ದರೆ ಚೆಲ್ಲಿ ಮುಚ್ಚುವುದನ್ನು ಒಂದು ತುಂಡು ಜಾಗದಲ್ಲಿ ನೋಡಬಹುದು. ಆಲೂಗೆಡ್ಡೆಯಂಥ ಬೆಳೆ ಮುಂದಿದ್ದು ಹೇಗೂ ನೆಲ ಕೆದಕಲೇಬೇಕು ಎನ್ನುವವರು ಸೂಪರ್ ಸೀಡರ್ ಹಿಡಿದರೆ ಆಕ್ಷೇಪವಿಲ್ಲ.

ಇನ್ನೊಂದು ಮಾತು ಯಂತ್ರದ ಅಂಗಡಿಯವರು ಹೇಳುವುದಿಲ್ಲ. ದಿನ ಉಳಿಸುವ ಅತ್ಯಂತ ಅಗ್ಗದ ಉಪಾಯ ಭತ್ತದ ತಳಿಯಲ್ಲಿದೆ. ಪೂಸಾ 44 ಬೀಜದಿಂದ ಕಟಾವಿಗೆ ಸುಮಾರು 160 ದಿನ ತೆಗೆದುಕೊಂಡರೆ, ಪಿಆರ್ 126 ಸುಮಾರು 123 ದಿನಕ್ಕೆ ಬರುತ್ತದೆ. ಒಂದು ತಿಂಗಳಿಗೂ ಹೆಚ್ಚು ಕಾಲ ಕೈಗೆ ಸಿಕ್ಕಿತು, ಅದೂ ಯಾವ ಯಂತ್ರವೂ ಇಲ್ಲದೆ.

ಉಳದಿದ್ದರೆ ಮಣ್ಣಿನಲ್ಲಿ ಇಂಗಾಲ ಕೂಡುತ್ತದೆ ಎನ್ನುತ್ತಾರಲ್ಲ, ಹೊಗಳಿಕೆ ಅತಿಯಾದದ್ದು ಆ ವಿಷಯದಲ್ಲಿ. ಗೋಧಿಗೆ ಉಳದೆ ಬಿಟ್ಟ ಹೊಲವನ್ನೇ ಜೂನಿನಲ್ಲಿ ಭತ್ತಕ್ಕೆಂದು ಕೆಸರು ಮಾಡಿ ಕಲಕಿದರೆ ಆರು ತಿಂಗಳಲ್ಲಿ ಕಟ್ಟಿದ ಮಣ್ಣಿನ ರಚನೆ ಒಂದು ದಿನದಲ್ಲಿ ಹೋಗುತ್ತದೆ. ಕೂಡಿದ ಇಂಗಾಲವೂ ಬಹುಪಾಲು ಮೇಲಿನ ಪದರಕ್ಕೆ ಸೀಮಿತ.

ನಮ್ಮ ಎರೆ ಹೊಲಕ್ಕೆ?

‘ಹದ ನೋಡಿ ಹರಗು, ಬೆದೆ ನೋಡಿ ಬಿತ್ತು’ ಎಂದು ಬೆಳೆದ ನಾಡು ನಮ್ಮದು. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಗೋಧಿಯ ಕಥೆಯೇ ಬೇರೆ. ಹೆಚ್ಚಿನ ಕಡೆ ಹಿಂಗಾರಿಯಲ್ಲಿ ನೆಲದ ತೇವದ ಮೇಲೆಯೇ ಬರುವ ಬೆಳೆ, ಮೊದಲು ಭತ್ತ ಇರುವುದಿಲ್ಲ. ಪಂಜಾಬಿನಲ್ಲಿ ಹೆಕ್ಟೇರಿಗೆ 5 ಟನ್ ಆಸುಪಾಸು ಬಂದರೆ ನಮ್ಮ ರಾಜ್ಯದ ಸರಾಸರಿ ಅದರ ಕಾಲುಭಾಗದಷ್ಟು. ಪಂಜಾಬಿನ ಅಂಕಿಅಂಶವನ್ನು ಇಲ್ಲಿಗೆ ಎತ್ತಿಕೊಂಡು ಬರುವಂತಿಲ್ಲ.

2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ, 63 ದೇಶಗಳ 610 ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕ ನಮಗೆ ಹೆಚ್ಚು ಉಪಯೋಗದ್ದು. ಎಲ್ಲ ಬೆಳೆ, ಎಲ್ಲ ನೆಲ ಸೇರಿಸಿದರೆ ಉಳುಮೆ ಬಿಟ್ಟಾಗ ಇಳುವರಿ ಸರಾಸರಿ ಶೇಕಡಾ 5.7 ಇಳಿದಿತ್ತು. ಆದರೆ ಒಣ ಪ್ರದೇಶದ ಮಳೆಯಾಶ್ರಿತ ಹೊಲದಲ್ಲಿ, ಉಳಿಕೆಯ ಹೊದಿಕೆ ಮತ್ತು ಬೆಳೆ ಬದಲಾವಣೆ ಎರಡೂ ಇದ್ದಾಗ, ಶೇಕಡಾ 7.3 ಏರಿತ್ತು. ನಮ್ಮದು ಒಣ ಪ್ರದೇಶ ಹೌದು. ಹೊದಿಕೆ ಎಲ್ಲಿಂದ? ಜೋಳದ ಕಣಿಕೆ ಎತ್ತಿಗೆ ಬೇಕು, ಎಮ್ಮೆಗೆ ಬೇಕು. ಹೊಲದಲ್ಲಿ ಬಿಟ್ಟರೆ ದನ ಮೇಯಲು ಏನು?

ಬಿರುಕಿನ ತಕರಾರು ಬೇರೆ. ಎರೆ ಭೂಮಿ ಆರಿದಂತೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ತೇವವೆಲ್ಲ ಅಲ್ಲಿಂದ ಹೊರಗೆ. ನಮ್ಮ ಹಿರಿಯರು ಕುಂಟೆ ಹೊಡೆದು, ಎಡೆ ಹೊಡೆದು ಮೇಲಿನ ಮಣ್ಣನ್ನು ಸಡಿಲಿಸುತ್ತಿದ್ದದ್ದು ಆ ಬಿರುಕು ಮುಚ್ಚಲು. ಹೊದಿಕೆಯೂ ಇಲ್ಲ, ಕುಂಟೆಯೂ ಇಲ್ಲ ಎಂದರೆ ಹೊಲ ಬೆತ್ತಲೆ. ಆದ್ದರಿಂದ ಮಳೆಯಾಶ್ರಿತ ಹೊಲದಲ್ಲಿ ಬಿಜಗಾ ಯೆಲ್ಲೋ ಎಂಬ ಗೋಧಿ ತಳಿ ಬಿತ್ತುವವರಿಗೆ, ಹೊದಿಕೆಗೆ ದಾರಿ ಇಲ್ಲದಿದ್ದರೆ, ಉಳುಮೆ ಪೂರ್ತಿ ಬಿಡಿ ಎಂದು ನಾನು ಹೇಳುವುದಿಲ್ಲ. ರೆಂಟೆ ಬಿಟ್ಟು ಕುಂಟೆಯಲ್ಲೇ ಮುಗಿಸುವುದು ಅರ್ಧ ದಾರಿಯಾದರೂ ಸರಿಯಾದ ದಾರಿ.

ನಿಜವಾದ ಅವಕಾಶ ಇರುವುದು ಮಲಪ್ರಭಾ, ಘಟಪ್ರಭಾ ನೀರು ಸಿಗುವ ಕಡೆ, ಸೋಯಾ ಅಥವಾ ಹೆಸರು ತೆಗೆದ ಹೊಲದಲ್ಲಿ. ಸೋಯಾ ಎಲೆ ಉದುರಿಸಿ ನಿಂತಿರುತ್ತದೆ, ತಾಳಿಗೆ ಸಿಕ್ಕುವ ಹುಲ್ಲು ಕಡಿಮೆ, ಮಣ್ಣು ಕೆಸರು ತುಳಿಸಿದ್ದಲ್ಲ. ಬರೀ ಜೀರೋ ಡ್ರಿಲ್ ಸಾಕು. ಎಚ್ಚರ ಬೇಕಾದದ್ದು ಹದದಲ್ಲಿ: ಎರೆ ಹಸಿಯಾಗಿದ್ದರೆ ತಾಳಿಗೆ ಮಣ್ಣು ಮೆತ್ತಿ ಬೀಜದ ಕೊಳವೆ ಕಟ್ಟಿಕೊಳ್ಳುತ್ತದೆ, ಆರಿಬಿಟ್ಟರೆ ತಾಳು ಇಳಿಯುವುದೇ ಇಲ್ಲ. ಸರಿಯಾದ ಹದ ನಿಲ್ಲುವುದು ಕೆಲವೇ ದಿನ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿಗೆ ಮೆತ್ತಬಾರದು.

ಮೊದಲ ವರ್ಷ ಒಂದೆರಡು ಎಕರೆಗೆ ಮಾತ್ರ ಇರಲಿ. ಡ್ರಿಲ್ ಬಂದ ಕೂಡಲೇ ಹೊಲಕ್ಕೆ ಇಳಿಸದೆ, ಕೊಳವೆಗಳಿಗೆ ಚೀಲ ಕಟ್ಟಿ, ಚಕ್ರ ಎತ್ತಿ ತಿರುಗಿಸಿ, ಬಿದ್ದ ಬೀಜ ತೂಗಿ ನೋಡಿ. ಬಾಡಿಗೆ ಯಂತ್ರದಲ್ಲಿ ಹಿಂದಿನವನ ಅಳತೆಯೇ ಉಳಿದಿರುತ್ತದೆ. ಪಕ್ಕದಲ್ಲೇ ಅಷ್ಟೇ ಜಾಗ ನಿಮ್ಮ ರೂಢಿಯಂತೆ ಉತ್ತು ಬಿತ್ತಿ, ಬೀಜ ಗೊಬ್ಬರ ಒಂದೇ ಇರಲಿ. ಆದರೆ ಎರಡನ್ನೂ ಒಂದೇ ದಿನ ಬಿತ್ತಬೇಡಿ. ಉಳದ ಹೊಲ ಬೆದೆಗೆ ಬಂದ ದಿನವೇ ಅದಕ್ಕೆ ಬೀಜ ಬೀಳಲಿ, ಉತ್ತದ್ದು ಯಾವಾಗ ಸಿದ್ಧವಾಗುತ್ತದೋ ಆಗ ಅದಕ್ಕೆ. ಎರಡರ ತಾರೀಖು, ಡೀಸೆಲ್ ಲೀಟರ್, ಮೊದಲ ನೀರಿಗೆ ಪಂಪು ಓಡಿದ ಗಂಟೆ ಬರೆದಿಡಿ. ರಾಶಿಯ ದಿನ ಎರಡೂ ಕಡೆಯದನ್ನು ಬೇರೆ ಬೇರೆ ತೂಗಿ.